ಗುಜರಿಗೆ ಹೋಗಿದ್ದ ಕಾಂಟೆಸಾ

ಕೊಂಢವಾ, ಪುಣೆ
9 ಜೂನ್ 2024

ರೋಹಿತ,

ಎಂಟು ವರ್ಷಗಳ ಮೇಲೆ ನಿನಗೆ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಅಪ್ಪ ತೀರಿಕೊಂಡ ಹೊಸತರಲ್ಲಿ ನಾವಿಬ್ಬರೂ ಫೋನಿನಲ್ಲಿ ಆಡಿಕೊಂಡ ಮಾತು ನೆನಪಾಗಿ ಕೆಳಗಿಟ್ಟೆ. ಕಾಗದದಲ್ಲಾದರೆ ಒಂದು ಸಾಲು ಬರೆದು, ಓದಿ, ಬೇಡವೆನಿಸಿದರೆ ಹೊಡೆದುಹಾಕಬಹುದು.

ನನ್ನ ಕೆಲಸ ನಿನಗೆ ಗೊತ್ತು. ಅಪಘಾತವಾದ ಗಾಡಿಗಳನ್ನು ನೋಡಿ ವಿಮಾ ಕಂಪನಿಗಳಿಗೆ ವರದಿ ಬರೆದುಕೊಡುವುದು ಹೊಟ್ಟೆಪಾಡು. ಈಚೆಗೆ ಇನ್ನೊಂದು ಸೇರಿಕೊಂಡಿದೆ. ಹಳೆಯ ಕಾರುಗಳನ್ನು ಆನ್‌ಲೈನಿನಲ್ಲಿ ಕೊಳ್ಳುವವರು ದುಡ್ಡು ಕಳಿಸುವ ಮೊದಲು ನನ್ನನ್ನು ಕೇಳುತ್ತಾರೆ: ಇದು ಅಸಲಿಯೇ, ಹೇಳಿದ ಬೆಲೆ ಬಾಳುತ್ತದೆಯೇ. ಹೋದ ವಾರ ಮೈಸೂರಿನ ಮುನಿಸ್ವಾಮಿ ಎಂಬ ಹಿರಿಯರು ಒಂದು ಜಾಹೀರಾತು ಕಳಿಸಿದರು. 1988ರ ಕಾಂಟೆಸಾ, 1.8 ಪೆಟ್ರೋಲ್, ಒಂದೇ ಮನೆಯ ಕಾರು, ಎಂಜಿನ್ ಬದಲಾಗಿಲ್ಲ, ಬಣ್ಣ ಕಂಪನಿಯದೇ. ಉದ್ದ ಮೂತಿಯ ಆ ಕಾರನ್ನೇ ಈಗಿನ ಹುಡುಗರು ನಮ್ಮ ದೇಶದ ಮಸಲ್ ಕಾರ್ ಎನ್ನುತ್ತಾರೆ; ಬೆಲೆಯೂ ಆ ಹೆಸರಿಗೆ ತಕ್ಕಂತೆ ಏರಿದೆ. ಊರು ನಿನ್ನದೇ ಇಂದಾಪುರ. ಮಾರುವವನ ಹೆಸರು ಇರಲಿಲ್ಲ. ನಂಬರ್ ಪ್ಲೇಟಿಗೆ ಬಟ್ಟೆ ಮುಚ್ಚಿ ಫೋಟೊ ತೆಗೆದಿದ್ದೀಯ. ಆದರೆ ಐದನೆಯ ಫೋಟೊದಲ್ಲಿ ಹಿಂದಿನ ಗಾಜಿನ ಮೂಲೆಯಲ್ಲಿ ಕೊರೆದ ಅಂಕಿ ಕಾಣುತ್ತದೆ. 4417.

ಅದು ನಮ್ಮ ಕಾರಿನ ನಂಬರ್. ನಮ್ಮ ಕಾರು 2003ರಲ್ಲಿ ಗುಜರಿಗೆ ಹೋಯಿತು. "ಹದಿನೈದು ವರ್ಷ ಆತವಾ, ಆರ್‌ಟಿಒದವ್ರು ಪಾಸ್ ಮಾಡಂಗಿಲ್ಲ, ಕೊಟ್ಟುಬಿಟ್ಟೆ" ಎಂದು ಅಪ್ಪ ಇಲ್ಲೇ ಪುಣೆಯ ಖಡಕಿಯ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಹೇಳಿದಾಗ ನೀನೂ ಅಲ್ಲಿ ನಿಂತಿದ್ದೆ.

ಸರ್ಕಾರಿ ಆ್ಯಪಿನಲ್ಲಿ ನಂಬರ್ ಹಾಕಿ ನೋಡಿದೆ. ಮಾಲೀಕರು: ಹೊಳಬಸಪ್ಪ. ನೋಂದಣಿ 2028ರವರೆಗೆ ಊರ್ಜಿತ. ಸತ್ತ ಮನುಷ್ಯನ ಹೆಸರಿನಲ್ಲಿ, ಸತ್ತ ಕಾರಿನ ಕಾಗದಪತ್ರ ಜೀವಂತವಾಗಿದೆ. ಗುಜರಿಗೆ ಹೋದ ಗಾಡಿಯ ಕಾಗದ ಇಟ್ಟುಕೊಂಡು, ಬೇರೆ ಯಾವುದೋ ಗಾಡಿಯ ಚಾಸಿಗೆ, ಅಂದರೆ ತಳದ ಚೌಕಟ್ಟಿಗೆ, ಕಾಗದದಲ್ಲಿರುವ ನಂಬರ್ ಹೊಡೆದು ಮಾರುವುದನ್ನು ನಾನು ಮೇಲಿಂದ ಮೇಲೆ ನೋಡುತ್ತೇನೆ. ನೋಡಿದರೆ ಹಾಗೆಯೇ ಬರೆಯುತ್ತೇನೆ.

ಮುನಿಸ್ವಾಮಿಯವರಿಗೆ ನಾನು ಏನು ಬರೆಯಲಿ, ಹೇಳು.

ಮಾಧುರಿ


ಇಂದಾಪುರ
20 ಜೂನ್

ಅಕ್ಕಾ,

ನಿನ್ನ ಪತ್ರ ಬಂತು. ಕೈಲೆ ಬರದ ವಿಳಾಸ, ರಜಿಸ್ಟರ್ ಪೋಸ್ಟು. ಕೋರ್ಟಿನ ನೋಟೀಸು ಇರಬೇಕಂತ ಪೋಸ್ಟ್‌ಮ್ಯಾನ್ ನನ್ನ ಮಾರಿ ನೋಡಿ ಮರುಗಿದ. ಓದಿದ ಮ್ಯಾಲ ಅನಿಸ್ತು, ಅಂವಾ ಭಾಳೇನೂ ತಪ್ಪಿರಲಿಲ್ಲ ಅಂತ.

ಎಂಟು ವರ್ಷ ಆದಮ್ಯಾಲ ಬರದಿ. ಆರಾಮ ಇದ್ದೀ ಏನು, ಮನ್ಯಾಗ ಹ್ಯಾಂಗದಾರ ಅಂತ ಒಂದು ಮಾತಿಲ್ಲ. ಸೀದಾ ಕಳ್ಳ ಅಂದಿ. ಸರ್ವೇಯರ್ ಆದಾಗಿಂದ ನೀ ಮಂದೀನೂ ಟಾರ್ಚ್ ಹಾಕಿ ನೋಡತಿ.

ನಾ ಯಾರ ಗಾಡೀನೂ ಕದ್ದಿಲ್ಲ. ಎಲ್ಲೂ ನಂಬರ್ ಹೊಡದಿಲ್ಲ. ಅದು ನಮ್ಮದ ಕಾರು. ಇಷ್ಟ ಬರೀತೇನಿ. ನಂಬಿಕಿ ಬರಲಿಲ್ಲಂದ್ರ ಬಂದು ನೋಡು, ಎಸ್‌ಟಿ ಬಸ್ಸು ಬೇಕಾದಷ್ಟು ಅದಾವ. ನನ್ನ ಸ್ಪೇರ್‌ಪಾರ್ಟ್ಸ್ ಅಂಗಡಿ ಹಿಂದಿನ ಶೆಡ್ಡು ರಸ್ತೆ ಅಗಲ ಮಾಡೋದ್ರಾಗ ಹೊಂಟದ. ದೀಪಾವಳಿ ಆದ ಮ್ಯಾಲ ಕೆಡವತಾರ. ಗಾಡಿ ನಿಲ್ಲಸಾಕ ಜಾಗ ಇಲ್ಲ, ಅದಕ್ಕ ಮಾರಾಕತ್ತೇನಿ.

ಮೈಸೂರಿನವ್ರಿಗೆ ಏನು ಬರೀತಿ ಬರಿ.

ರೋಹಿತ


ಕೊಂಢವಾ
24 ಜೂನ್

ರೋಹಿತ,

ಚಿನ್ನು ಹೇಗಿದ್ದಾಳೆ? ಇದನ್ನು ಹೋದ ಪತ್ರದಲ್ಲೇ ಕೇಳಬೇಕಿತ್ತು. ನೀನು ಹೇಳಿದ್ದು ಸರಿ.

ಬರುವುದಿಲ್ಲ. ಬಂದರೆ ಕಾರು ನೋಡುತ್ತೇನೋ ನಿನ್ನ ಮುಖ ನೋಡುತ್ತೇನೋ ನನಗೇ ಗೊತ್ತಿಲ್ಲ. ಕಾರಿನ ಹಳೆಯ ಮಾಲೀಕನ ಮಗಳು ನಾನೇ ಎಂದು ಮುನಿಸ್ವಾಮಿಯವರಿಗೆ ತಿಳಿಸಿ, ಬೇರೆಯವರಿಂದ ನೋಡಿಸಿ ಎಂದೆ. "ನೀವೇ ನೋಡಿ ಮೇಡಂ, ಮನೆಯೋರಿಗಿಂತ ಚೆನ್ನಾಗಿ ಯಾರು ಗುರುತು ಹಿಡೀತಾರೆ" ಎಂದರು. ಆದ್ದರಿಂದ ನೋಡುತ್ತೇನೆ, ದೂರದಿಂದ.

ಫೋಟೊ ಬೇಡ. ಫೋಟೊದಲ್ಲಿ ಈಗ ತುಕ್ಕನ್ನೂ ಒರೆಸಬಹುದು. ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆದು ಅಂಚೆಯಲ್ಲಿ ಕಳಿಸು. ಆರ್‌ಟಿಒ ಏಜೆಂಟರು ತೆಗೆಯುವ ಹಾಗೆಯೇ: ನಂಬರಿನ ಮೇಲೆ ತೆಳು ಕಾಗದ ಒತ್ತಿ ಹಿಡಿದು, ಪೆನ್ಸಿಲಿನ ಸೀಸವನ್ನು ಅಡ್ಡ ಮಲಗಿಸಿ ಉಜ್ಜಿದರೆ ಅಂಕಿಗಳು ಬಿಳಿಯಾಗಿ ಮೂಡುತ್ತವೆ. ಕಾರ್ಖಾನೆಯಲ್ಲಿ ಒತ್ತಿದ ಅಂಕಿಗಳ ಆಳ ಒಂದೇ ಸಮ ಇರುತ್ತದೆ. ಕೈಯಿಂದ ಹೊಡೆದದ್ದಾದರೆ ಒಂದು ಆಳ, ಒಂದು ತೇಲು. ಸುತ್ತಲ ತಗಡು ಉಜ್ಜಿದ್ದರೆ ಅದರ ಗೀರೂ ಕಾಗದಕ್ಕೆ ಬರುತ್ತದೆ.

ನಂಬರನ್ನು ಮೊದಲು ತೊಳೆಯಬೇಡ. ಹೇಗಿದೆಯೋ ಹಾಗೆ ತೆಗೆ.

ಮಾಧುರಿ


ಇಂದಾಪುರ
11 ಜುಲೈ

ಅಕ್ಕಾ,

ಪ್ರಿಂಟ್ ಇಟ್ಟೇನಿ. ಮೂರು ಸಲ ತಗದೆ. ಎರಡು ಹರದು ಹೋದವು, ಮೂರನೇದು ಚಿನ್ನು ತಗದಳು. ಹತ್ತನೇತ್ತೆ ಅದಾಳ, ನಿನ್ನಂಗ ಎತ್ತರ ಆಗ್ಯಾಳ, ನಿನ್ನಂಗ ತಪ್ಪು ಹುಡುಕತಾಳ. "ಪಪ್ಪಾ, ಕಾಗದ ಸರಿಸಾಕತ್ತಿ ನೀ" ಅಂತ ಕೈಯಾಗಿಂದು ಕಸಗೊಂಡಳು. ಯಾರಿಗೆ ಕಳಸೋದು ಅಂತ ಕೇಳಿದಳು. ಆತ್ತಿಗೆ ಅಂದೆ. ಯಾವ ಆತ್ತಿ ಅಂದಳು. ಏನು ಹೇಳಲಿ ಹೇಳು.

ಕಾಗದ ಯಾಕ ಕೆಂಪಾಗೇದ ಅಂತ ನೀ ಕೇಳತಿ. ತೊಳಿಬ್ಯಾಡ ಅಂದಿದ್ದಿ, ತೊಳದಿಲ್ಲ. ಕುಂಕುಮ ಅದು.

ರೋಹಿತ


ಕೊಂಢವಾ
4 ಆಗಸ್ಟ್

ರೋಹಿತ,

ಪ್ರಿಂಟ್ ಬಂದು ಮೂರು ವಾರವಾಗುತ್ತ ಬಂತು. ಉತ್ತರ ಬರೆಯಲು ಕೂತು ಎದ್ದೆ, ಕೂತು ಎದ್ದೆ.

ಅಪ್ಪನ ಟ್ರಂಕು ನನ್ನ ಹತ್ತಿರವೇ ಇದೆ. ಅದರಲ್ಲಿ 1988ರ ವಿಮೆ ಅರ್ಜಿಯ ನಕಲು, ಅದಕ್ಕೆ ಅಂಟಿಸಿದ ಪೆನ್ಸಿಲ್ ಪ್ರಿಂಟ್ ಸಿಕ್ಕಿತು. ಅದನ್ನೂ ಚಿನ್ನು ತೆಗೆದದ್ದನ್ನೂ ಒಂದರ ಮೇಲೊಂದು ಇಟ್ಟು ಅಡಿಗೆಮನೆಯ ಕಿಟಕಿ ಗಾಜಿಗೆ ಹಿಡಿದೆ. ಎರಡನೆಯ ಏಳು ಒಂದು ಕೂದಲೆಳೆ ಕೆಳಗೆ ಜಾರಿದೆ, ಎರಡರಲ್ಲೂ. ಸೊನ್ನೆಯ ಎಡಗಡೆ ತೆಳುವಾಗಿದೆ, ಎರಡರಲ್ಲೂ. ಒಳ್ಳೆಯ ನಂಬರನ್ನು ನಕಲು ಮಾಡಬಹುದು. ಯಂತ್ರ ಆ ದಿನ ಮಾಡಿದ ಸಣ್ಣ ತಪ್ಪನ್ನು ಯಾರೂ ಮಾಡಲಾರರು.

ಮತ್ತೆ ಕುಂಕುಮ. ಖಂಡೇನವಮಿಗೆ, ಆಯುಧಪೂಜೆಯ ದಿನ, ಎಲ್ಲರೂ ಗಾಡಿಯ ಮುಂದೆ ಪೂಜೆ ಮಾಡಿದರೆ ಅವ್ವ ಇದ್ದಷ್ಟು ದಿನ ಬಾನೆಟ್ ಎತ್ತಿಸಿ ಒಳಗಿನ ಚಾಸಿ ನಂಬರಿಗೆ ಎಣ್ಣೆ ಹಚ್ಚಿ ಕುಂಕುಮ ಇಡುತ್ತಿದ್ದಳು. "ಪೂಜಾ ಹೆಸರಿಗೆ ಮಾಡಬೇಕು, ಮೂತಿಗಲ್ಲ" ಎನ್ನುತ್ತಿದ್ದಳು. ನಾವು ನಗುತ್ತಿದ್ದೆವು. ಆ ಎಣ್ಣೆಯೇ ಅಂಕಿಗಳಿಗೆ ತುಕ್ಕು ಹತ್ತದಂತೆ ಕಾದಿದೆ. ಯಾರಾದರೂ ಉಜ್ಜಿ ಹೊಸ ನಂಬರ್ ಹೊಡೆದಿದ್ದರೆ ಆ ಪದರ ಉಳಿಯುತ್ತಿರಲಿಲ್ಲ. ನನ್ನ ವರದಿಯ ನಮೂನೆಯಲ್ಲಿ ಇದಕ್ಕೆ ಅಂಕಣವಿಲ್ಲ.

ಕಾರು ಅಸಲಿ. ನಿನ್ನನ್ನು ಕಳ್ಳ ಅಂದದ್ದು ನನ್ನ ತಪ್ಪು. ಕ್ಷಮಿಸು.

ಆದರೆ ಒಂದು ಹೇಳುತ್ತೇನೆ. ಗಾಜಿಗೆ ಕಾಗದ ಹಿಡಿದಾಗ ಅವು ಹೊಂದದಿರಲಿ ಎಂದು ನನ್ನ ಮನಸ್ಸು ಬಯಸಿತ್ತು. ಕಾರು ನಕಲಿಯಾಗಿದ್ದರೆ ಸುಳ್ಳು ಹೇಳಿದವನು ನೀನೊಬ್ಬನೇ ಆಗುತ್ತಿದ್ದೆ. ನಿನ್ನ ಮೇಲಿನ ಸಿಟ್ಟು ನನಗೆ ರೂಢಿಯಾಗಿತ್ತು.

ಅಪ್ಪ ಕೊನೆಯ ನಾಲ್ಕು ವರ್ಷ ಇದೇ ಮನೆಯಲ್ಲಿದ್ದ. ಪ್ರತಿ ಖಂಡೇನವಮಿಗೆ ತಪ್ಪದೆ ಇಂದಾಪುರಕ್ಕೆ ಹೊರಡುತ್ತಿದ್ದ, "ರೋಹಿತನ ಅಂಗಡಿ ಪೂಜಾ ಅದ" ಎಂದು. ತಿರುಗಿ ಬಂದಾಗ ಉಗುರಿನಲ್ಲಿ ಗ್ರೀಸ್ ಇರುತ್ತಿತ್ತು. ಎಪ್ಪತ್ತು ದಾಟಿದ ಮುದುಕನ ಕೈಲಿ ಅಂಗಡಿ ಕೆಲಸ ಮಾಡಿಸುತ್ತಾನೆ ಎಂದು ನಿನ್ನ ಮೇಲೆ ಉರಿಯುತ್ತಿದ್ದೆ. ಬಿಸಿನೀರಿನಲ್ಲಿ ಸೋಪಿನ ಪುಡಿ ಹಾಕಿ ಆ ಉಗುರುಗಳನ್ನು ತೊಳೆದವಳು ನಾನು. ಅಪ್ಪ ಮಗುವಿನ ಹಾಗೆ ಕೈ ಚಾಚಿಕೊಂಡು ಕೂತಿರುತ್ತಿದ್ದ. ಆಗಲೂ ಹೇಳಲಿಲ್ಲ.

ಯಾಕೆ?

ಮಾಧುರಿ


ಇಂದಾಪುರ
19 ಆಗಸ್ಟ್

ಅಕ್ಕಾ,

ಹೇಳಬಾರದಂತ ಅಪ್ಪ ಆಣಿ ಹಾಕಿಸಿದ್ದ. ಈಗ ಅಂವಾ ಇಲ್ಲ, ನೀ ಕೇಳಿದಿ, ಹೇಳತೇನಿ.

ಸೊಲ್ಲಾಪುರದ ಮನೋಜನ ಮನಿಯವರು ನಿನ್ನ ಸಂಬಂಧ ಕೇಳಕೊಂಡು ಬರತಿದ್ರಲ್ಲ. ಮೂರನೇ ಸಲ ಬಂದಾಗ ನೀ ಒಳಗ ಚಹಾ ಮಾಡಾಕತ್ತಿದ್ದಿ. ಮನೋಜನ ಅಪ್ಪ ಅಂಗಳದಾಗ ಕಾರಿನ ಸುತ್ತ ಎರಡು ಸುತ್ತು ಹಾಕಿ, ಕೈ ಆಡಿಸಿ, "ನಮಗೇನೂ ಬ್ಯಾಡ್ರಿ ಹೊಳಬಸಪ್ಪನವರ, ಹುಡುಗಿ ಈ ಗಾಡ್ಯಾಗ ಕೂತು ಬಂದ್ರ ಸಾಕು" ಅಂದ್ರು. ಅಪ್ಪ ನಕ್ಕ. ಅವರು ಹೋದ ಮ್ಯಾಲ ನಗಲಿಲ್ಲ. "ಗಾಡಿ ಗುಜರಿಗೆ ಹೋತು ಅಂತ ಹೇಳಿಬಿಡೋಣು. ಆಮ್ಯಾಲೂ ಬಂದ್ರ ಮಂದಿ ಛಲೋ. ಬರಲಿಲ್ಲಂದ್ರ ಪೀಡಾ ಹೋತು" ಅಂದ. ನೀ ಆಫೀಸಿಗೆ ಹೋದಾಗ ನಾನ ಗಾಡಿ ಹೊಡಕೊಂಡು ಇಂದಾಪುರಕ್ಕ ಬಂದೆ, ದೋಸ್ತನ ಹತ್ರ ನಿಲ್ಲಿಸಿದೆ. ಒಂದು ತಿಂಗಳ ಮಟ್ಟಿಗೆ ಅಂತ.

ಅವರು ಮತ್ತ ಬರಲಿಲ್ಲ. ನೀ ಎಂಟು ದಿನ ಸರಿಯಾಗಿ ಉಣ್ಣಲಿಲ್ಲ. "ನೋಡವಾ, ಅವರಿಗೆ ಬೇಕಾಗಿದ್ದು ಕಾರು" ಅಂತ ಅಪ್ಪ ಸಮಾಧಾನ ಮಾಡಿದ. ಹಂಗ ಸಮಾಧಾನ ಮಾಡಿದ ಮ್ಯಾಲ ಕಾರು ಅಂಗಳಕ್ಕ ತಂದು ನಿಲ್ಲಸೋದು ಹ್ಯಾಂಗ? ನಿನ್ನ ಲಗ್ನ ಆದ ಮ್ಯಾಲ ಹೇಳೋಣು, ನಕ್ಕೋತ ಹೇಳೋಣು ಅಂತಿದ್ದ. ನಿನ್ನ ಲಗ್ನ ಆಗಲಿಲ್ಲ. ವರ್ಷ ಹೋದಂಗ ಹೇಳೋದು ಮತ್ತೂ ಕಠಿಣ ಆತು. ಆ ಮ್ಯಾಲ ನಾ ಇಲ್ಲೇ ಅಂಗಡಿ ಹಾಕಿದೆ, ಗಾಡೀನೂ ಇಲ್ಲೇ ಉಳೀತು.

ವಕೀಲರು ಬರದ ಒಪ್ಪಿಗೆ ಪತ್ರದ ಕರಡು ಇಟ್ಟೇನಿ. ಐದೈದು ವರ್ಷಕ್ಕ ಪಾಸಿಂಗ್ ಮಾಡಿಸ್ಕೋತ ಬಂದೇವಿ, ಗಾಡಿ ಇನ್ನೂ ಅಪ್ಪನ ಹೆಸರಿನ ಮ್ಯಾಲ ಅದ. ನೀನೂ ವಾರಸುದಾರಳು. ನಿನ್ನ ಸಹಿ ಇಲ್ಲದ ಮೈಸೂರಿನವ್ರ ಹೆಸರಿಗೆ ಆಗಂಗಿಲ್ಲ. ಅವರು ಒಪ್ಪ್ಯಾರ, ಬಂದಿದ್ದರಾಗ ಅರ್ಧಾ ನಿನಗ. ಸಹಿ ಮಾಡಿ ಕಳಿಸು ಅಕ್ಕಾ. ಅಪ್ಪ ನಿನ್ನ ಛಲೋದಕ್ಕ ಮಾಡಿದ.

ರೋಹಿತ


ಕೊಂಢವಾ
15 ಸೆಪ್ಟೆಂಬರ್

ರೋಹಿತ,

ಸಹಿ ಮಾಡಿದ್ದೇನೆ. ಲಕೋಟೆಯಲ್ಲಿ ಇದೆ. ಅದನ್ನು ತೆಗೆದು ನೋಡುವ ಮೊದಲು ಇದನ್ನು ಓದು.

ವಕೀಲರ ಇಂಗ್ಲಿಷಿನಲ್ಲಿ ಮೂರನೆಯ ಸಾಲು ಹೀಗಿತ್ತು. ಕನ್ನಡಕ್ಕೆ ತಂದು ಬರೆಯುತ್ತೇನೆ, ನನ್ನ ಕಿವಿಗೂ ಅದು ಬೀಳಲಿ ಎಂದು: "ಸದರಿ ವಾಹನವು 2003ರಿಂದ ನನಗೆ ತಿಳಿದಂತೆ ಮತ್ತು ನನ್ನ ಒಪ್ಪಿಗೆಯಿಂದ ನನ್ನ ತಮ್ಮನ ವಶದಲ್ಲಿದೆ." ನಾನು ತಿಂಗಳ ಹತ್ತಿರ ಈ ಸಾಲಿನ ಜೊತೆ ಇದ್ದೆ. ಚಹಾ ಕುಡಿಯುವಾಗ, ಸ್ಕೂಟರ್ ಸ್ಟಾರ್ಟ್ ಮಾಡುವಾಗ. ಇಂಥ ಸಾಲುಗಳಿಗೆ ಜನ ಓದದೆ ಸಹಿ ಹಾಕುತ್ತಾರೆ. ನಾನೂ ಹಾಕಬಹುದಿತ್ತು. ಯಾರಿಗೆ ನಷ್ಟ?

ಆದರೆ ಈ ಕಥೆಯನ್ನು ನಾನು ಇಪ್ಪತ್ತು ವರ್ಷ ಗೆಳತಿಯರಿಗೆ ನಗುತ್ತ ಹೇಳಿದ್ದೇನೆ ರೋಹಿತ. ಒಂದು ಹಳೆಯ ಕಾರು ಸರಿಯಾದ ಹೊತ್ತಿಗೆ ಸತ್ತು ನನ್ನನ್ನು ಉಳಿಸಿತು ಎಂದು. ಊಟದ ಟೇಬಲ್ಲಿಗೆ ಹೇಳಿ ಮಾಡಿಸಿದ ಕಥೆ. ಎಲ್ಲರೂ ನಗುತ್ತಿದ್ದರು. ಮನೆಗೆ ಬಂದು ದೀಪ ಹಾಕುವಾಗ ನನಗೂ ಅದು ನಿಜ ಅನಿಸುತ್ತಿತ್ತು. ಒಬ್ಬಳೇ ಇರುವುದಕ್ಕೆ ಒಂದು ಕಾರಣ ಬೇಕಲ್ಲ, ಯಾರ ತಪ್ಪೂ ಅಲ್ಲದ ಕಾರಣ.

ಮನೋಜ ಒಳ್ಳೆಯವನೋ ಕೆಟ್ಟವನೋ ನನಗೆ ಇವತ್ತಿಗೂ ಗೊತ್ತಿಲ್ಲ. ಪರೀಕ್ಷೆ ನಡೆದದ್ದು ಅವನ ಅಪ್ಪನಿಗೆ. ಅವನು ಆಮೇಲೆ ಒಂದು ಸಲ ನನ್ನ ಆಫೀಸಿಗೆ ಫೋನ್ ಮಾಡಿದ್ದ. ನಿಮಗೆ ಬೇಕಾಗಿದ್ದದ್ದು ಕಾರು ಎಂದು ಅಪ್ಪನ ಮಾತನ್ನೇ ಹೇಳಿ ಇಟ್ಟುಬಿಟ್ಟೆ. ಆ ಹೊತ್ತಿಗೆ ಕಾರು ಇಂದಾಪುರದಲ್ಲಿ ಕ್ಷೇಮವಾಗಿತ್ತು. ಈ ಫೋನಿನ ವಿಷಯ ನಿನಗೆ ಗೊತ್ತಿರಲಿಲ್ಲ, ಅಪ್ಪನಿಗೂ ಹೇಳಿರಲಿಲ್ಲ. ನಾವೆಲ್ಲರೂ ಒಂದೊಂದು ಬಚ್ಚಿಟ್ಟೆವು.

ಅಪ್ಪ ನನ್ನನ್ನು ಕಾಪಾಡಿದನೋ ಕಾರನ್ನು ಕಾಪಾಡಿದನೋ ಎಂದು ಎಷ್ಟೋ ಸಲ ಕೇಳಿಕೊಂಡೆ. ಎರಡೂ ಇರಬಹುದು. ಅವನ ಮನಸ್ಸಿನ ಪೆನ್ಸಿಲ್ ಪ್ರಿಂಟ್ ತೆಗೆಯಲಾಗದು.

ಆ ಸಾಲನ್ನು ಹೊಡೆದುಹಾಕಿ ನನ್ನ ಕೈಯಲ್ಲಿ ಹೀಗೆ ಬರೆದೆ: "ಈ ವಾಹನ ಇದೆ ಎಂಬುದೇ 2024ರವರೆಗೆ ನನಗೆ ಗೊತ್ತಿರಲಿಲ್ಲ. ಈಗ ಗೊತ್ತು. ಮಾರಾಟಕ್ಕೆ ನನ್ನ ತಕರಾರಿಲ್ಲ." ಪಕ್ಕದಲ್ಲಿ ಸಹಿ. ಒಂದು ಪ್ರತಿಯನ್ನು ಮುನಿಸ್ವಾಮಿಯವರಿಗೆ ಕಳಿಸಿದ್ದೇನೆ, ಕಾರು ನೂರಕ್ಕೆ ನೂರು ಅಸಲಿ ಎಂಬ ಪತ್ರದ ಜೊತೆ. ಇದರಿಂದ ವ್ಯವಹಾರ ಮುರಿಯಬಹುದು ಎಂದು ಗೊತ್ತಿದ್ದೇ ಕಳಿಸಿದೆ.

ಇದು ಪ್ರಾಮಾಣಿಕತೆಯೋ ಸೇಡೋ? ಬೇರೆಯವರ ಕಾರಾಗಿದ್ದರೆ ಏನು ಬರೆಯುತ್ತಿದ್ದೆನೋ ಅದನ್ನೇ ಬರೆದೆ. ಅದಕ್ಕಿಂತ ಹೆಚ್ಚು ನನ್ನ ಬಗ್ಗೆ ನಾನು ಬರೆದುಕೊಡಲಾರೆ.

ಸಿಟ್ಟು ಬಂದರೆ ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ಮಾಧುರಿ


ಮೈಸೂರು
30 ಸೆಪ್ಟೆಂಬರ್

ಮಾಧುರಿಯವರಿಗೆ ನಮಸ್ಕಾರಗಳು.

ನಿಮ್ಮ ವರದಿಯೂ ಒಪ್ಪಿಗೆ ಪತ್ರವೂ ಬಂದವು. ಕಾರಿನ ಬಗ್ಗೆ ನನಗೀಗ ಎಳ್ಳಷ್ಟೂ ಅನುಮಾನವಿಲ್ಲ. ಇಂಥದ್ದು ಮತ್ತೆ ಸಿಗುವುದಿಲ್ಲ ಅನ್ನೋದೂ ಗೊತ್ತು. ಆದರೂ ನಾನು ಕೊಳ್ಳುತ್ತಿಲ್ಲ.

ಕಾರಣ ಎರಡು. ಒಬ್ಬ ವಾರಸುದಾರರಿಗೆ ತಿಳಿಯದೆ ಇಪ್ಪತ್ತು ವರ್ಷ ಇಟ್ಟ ಗಾಡಿ, ನಾಳೆ ತಂಟೆ ಬರಬಹುದು ಅಂತ ನಮ್ಮ ಲಾಯರು ಬೇಡ ಅಂದರು. ಅದು ಒಂದು. ನಮ್ಮ ಮನೆಯವರು ಪುಟ್ಟತಾಯಮ್ಮ ನಿಮ್ಮ ಕಾಗದ ಓದಿಸಿಕೊಂಡು, "ಆ ಹೆಣ್ಣುಮಗಳಿಗೆ ಗೊತ್ತಾಗದ ಹಾಗೆ ಬಚ್ಚಿಟ್ಟ ಕಾರಲ್ಲಿ ನಾನಂತೂ ಕೂರಲ್ಲ ಕಣ್ರೀ, ನೀವು ಬೇಕಾದ್ರೆ ಒಬ್ಬರೇ ಓಡಿಸ್ಕೊಳ್ಳಿ" ಅಂದರು. ಅದು ಎರಡು. ಮೊದಲನೆಯದಕ್ಕೆ ಏನಾದರೂ ದಾರಿ ಹುಡುಕಬಹುದಿತ್ತು.

ನಿಮ್ಮ ತಮ್ಮನವರಿಗೆ ನನ್ನ ಮೇಲೆ ಬೇಸರವಾಗಿದ್ದರೆ ಕ್ಷಮೆ ಕೇಳಿದೆ ಎಂದು ತಿಳಿಸಿ. ವಯಸ್ಸಿನಲ್ಲಿ ದೊಡ್ಡವನು, ಒಂದು ಮಾತು: ಅವರೊಡನೆ ಜಗಳ ಬೆಳೆಸಬೇಡಿ.

ಇತಿ ನಿಮ್ಮ ವಿಶ್ವಾಸಿ
ಮುನಿಸ್ವಾಮಿ


ಇಂದಾಪುರ
3 ನವೆಂಬರ್

ಮಾಧುರಿಯವರಿಗೆ,

ಮೈಸೂರಿನವ್ರು ಒಲ್ಲೆ ಅಂದಿದ್ದು ನಿಮಗ ಗೊತ್ತಿರಬೇಕು. ಆಮ್ಯಾಲೆ ಇನ್ನಿಬ್ಬರು ಬಂದ್ರು, ನಿಮ್ಮ ಕೈಬರಹ ನೋಡಿ ಅವರೂ ಹೋದ್ರು. ಜಾಹೀರಾತು ತಗದೇನಿ. 15ನೇ ತಾರೀಖಿಗೆ ಶೆಡ್ಡು ಕೆಡವತಾರ. ಗುಜರಿಯವ ಎರಡು ಸಲ ಬಂದು ಕೇಳಿ ಹೋಗ್ಯಾನ. ಕೊಡಾಕ ಕೈ ಬರವಲ್ತು.

ನಿಮ್ಮ ಬಿಲ್ಡಿಂಗಿನ ಕೆಳಗ ನಿಮ್ಮ ಹೆಸರಿನ ಪಾರ್ಕಿಂಗ್ ಖಾಲಿ ಇರತದ ಅಂತ ಅಪ್ಪ ಹೇಳತಿದ್ದ. ಬರೋ ಆದಿತ್ಯವಾರ, 10ನೇ ತಾರೀಖು ಮುಂಜಾನೆ ತಂದು ನಿಲ್ಲಸ್ತೇನಿ. ನಿಮಗ ಖರೇದು ಬೇಕಾಗಿತ್ತಲ್ಲ, ಇಟಗೋರಿ.

ರೋಹಿತ ಹೊಳಬಸಪ್ಪ


ಕೊಂಢವಾ
10 ನವೆಂಬರ್

ರೋಹಿತ,

ನೀನು ಒಂಬತ್ತರ ಸುಮಾರಿಗೆ ಬರುತ್ತೀಯ ಎಂದುಕೊಂಡಿದ್ದೆ. ಇಂದಾಪುರದಿಂದ ಮೂರು ತಾಸು ಹಿಡಿದು. ಏಳಕ್ಕೆ ಎದ್ದು ರೊಟ್ಟಿ ಬಡಿದೆ. ಎಣ್ಣೆಗಾಯಿ ಮಾಡಿದೆ. ಚಿನ್ನುವೂ ಬಂದರೆ ಎಂದು ಸಣ್ಣ ರೊಟ್ಟಿ ಎರಡು ಬೇರೆ ಮಾಡಿದೆ. ಅವಳು ಈಗ ನನ್ನಷ್ಟು ಎತ್ತರ ಎನ್ನುವುದು ಮರೆತು. ಬಾಗಿಲಿನ ಚಿಲಕ ತೆಗೆದಿಟ್ಟಿದ್ದೆ.

ಎಂಟಕ್ಕೆ ಕೆಳಗಿಂದ ಸಿದ್ರಾಮಪ್ಪ ಫೋನ್ ಮಾಡಿದ. ನಮ್ಮ ವಾಚ್‌ಮನ್, ಕಲಬುರ್ಗಿ ಕಡೆಯವನು.

"ಅಕ್ಕಾರ, ನಿಮ್ಮ ತಮ್ಮ ಬಂದಿದ್ರರಿ. ಗಾಡಿ ನಿಮ್ಮ ಜಾಗದಾಗ ಹಚ್ಚಿ, ಕೀಲಿ ಕೊಟ್ಟು ಹ್ವಾದ್ರರಿ."

"ಹೋದ್ನಾ? ಮ್ಯಾಲ ಹೋಗ್ರಿ ಅನಬೇಕಿಲ್ಲೇನು ನೀ?"

"ಅಂದೇರಿ. ಲಿಫ್ಟಿನ ತನಕ ಹೋಗಿದ್ರರಿ. ಗುಂಡೀನೂ ಒತ್ತಿದ್ರು. ಲಿಫ್ಟ್ ಬಂತು, ಬಾಗಲಾ ತಕ್ಕೊಂತು, ಹಂಗ ನಿಂತ್ರು. ಆಮ್ಯಾಲ ಬಾಗಲಾ ಮುಚ್ಚಿತು, ಹೊಳ್ಳಿ ಬಂದ್ರರಿ. ಬಸ್ಸಿಗೆ ಹೊತ್ತಾಗತದ ಅಂದ್ರು."

ನಾನು ಮೆಟ್ಟಿಲಿಳಿದು ಗೇಟಿನವರೆಗೆ ಓಡಿದೆ. ರಸ್ತೆಯಲ್ಲಿ ಹಾಲಿನವನ ಗಾಡಿ, ಕಟ್ಟಡದ ಕೆಲಸಕ್ಕೆ ಹೊರಟ ಹೆಂಗಸರು. ನೀನಿರಲಿಲ್ಲ. ಎಷ್ಟು ಹೊತ್ತಿಗೆ ಮನೆ ಬಿಟ್ಟಿದ್ದೆ, ಕತ್ತಲಲ್ಲೇ ಹೊರಟೆಯಾ, ಏನಾದರೂ ತಿಂದೆಯಾ, ಒಂದೂ ನನಗೆ ಗೊತ್ತಿಲ್ಲ.

ಆಮೇಲೆ ಕಾರಿನ ಹತ್ತಿರ ಬಂದೆ. ಗೆರೆಯ ಒಳಗೆ ನೆಟ್ಟಗೆ ನಿಲ್ಲಿಸಿದ್ದೀಯ, ಹಿಂದೆ ಮುಂದೆ ಸಮ ಜಾಗ ಬಿಟ್ಟು. ಡ್ರೈವರ್ ಬಾಗಿಲ ಕಡೆ ಮಾತ್ರ ನಾಲ್ಕು ಬೆರಳು ಹೆಚ್ಚು ಬಿಟ್ಟಿದ್ದೀಯ, ನಾನು ಹತ್ತಿ ಕೂರುವ ಕಡೆ.

ನಾನು ಬಾಗಿಲು ತೆರೆಯಲಿಲ್ಲ. ಬಾನೆಟ್ಟಿನ ಮೇಲೆ ಕೈ ಇಟ್ಟೆ. ಬಿಸಿ ಇತ್ತು. ಅದು ಪೂರ್ತಿ ಆರುವವರೆಗೆ ಅಲ್ಲೇ ನಿಂತಿದ್ದೆ.

ಅಕ್ಕ